ಸಂರಕ್ಷಣೆ ಎಂಬ ಹೆಚ್ಚುವರಿ ಹೊಣೆ: ಮುಖ್ಯಮಂತ್ರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ಈ ಪತ್ರದಲ್ಲಿ ಬೇಕೆಂದೇ ತಮ್ಮ ಹೆಸರು ಬರೆದಿಲ್ಲ, ಯಾವ ಪಕ್ಷದ ಹೆಸರೂ ಎತ್ತಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಆಮೇಲೆ ವಿಧಾನಸೌಧದ ಮೂರನೇ ಮಹಡಿಯ ಆ ಕುರ್ಚಿಯಲ್ಲಿ ಎಷ್ಟೋ ಜನ ಕೂತೆದ್ದರು. ರಾಜ್ಯದ ದೊಡ್ಡ ಪಕ್ಷಗಳೆಲ್ಲ ಒಂದಲ್ಲ ಒಂದು ಸರದಿ ಆಳಿದವು. ಕಾಯ್ದೆಯನ್ನು ಅಂದು ಯಾವ ಮೇಜಿನ ಮೇಲೆ ಇಟ್ಟರೋ ಇಂದಿಗೂ ಅದು ಅಲ್ಲೇ ಇದೆ. ಹಾಗಾಗಿ ಈ ಪತ್ರ ಆ ಕುರ್ಚಿಗೆ, ಅದರಲ್ಲಿ ಯಾರೇ ಕೂತಿರಲಿ.

ಆ ಮೇಜು ಯಾರದೆಂದು ತಮಗೆ ತಿಳಿದೇ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು, ಊರವರ ಬಾಯಲ್ಲಿ ಸಿಡಿಪಿಒ ಮೇಡಂ. ಅಂಗನವಾಡಿಗಳ ಮೊಟ್ಟೆ, ಹಾಲಿನ ಪುಡಿ, ಪೋಷಣ್ ಟ್ರ್ಯಾಕರ್, ಕಾರ್ಯಕರ್ತೆಯರ ಗೌರವಧನ, ಸೋರುವ ಕಟ್ಟಡಗಳು, ಮಾತೃವಂದನಾ, ಭಾಗ್ಯಲಕ್ಷ್ಮಿ, ಈಗ ಗೃಹಲಕ್ಷ್ಮಿಯ ಅರ್ಜಿಗಳು, ಚುನಾವಣೆ ಬಂದರೆ ಚುನಾವಣೆಯ ಕೆಲಸ, ಎಲ್ಲವೂ ಅವರ ತಲೆಯ ಮೇಲೆ. ಇದರ ಜೊತೆಗೆ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಅವರೇ. ಅಂದರೆ ಮನೆಯಲ್ಲಿ ಏಟು ತಿಂದು ಬಂದ ಹೆಣ್ಣುಮಗಳ ಪಾಲಿಗೆ ಇಡೀ ಕರ್ನಾಟಕ ಸರ್ಕಾರವೆಂದರೆ ಅವರೊಬ್ಬರೇ. ರಾಜ್ಯದಲ್ಲಿ ಅಂಗನವಾಡಿಗಳೇ 65 ಸಾವಿರಕ್ಕೂ ಹೆಚ್ಚು. ಮಕ್ಕಳಿಗೆ ಮೊಟ್ಟೆ ತಪ್ಪಿದರೆ ಮರುದಿನವೇ ಪತ್ರಿಕೆಯಲ್ಲಿ ಬರುತ್ತದೆ, ಮೇಲಿನವರ ಫೋನು ಬರುತ್ತದೆ. ಬರಬೇಕಾದದ್ದೇ. ಆದರೆ ಒಬ್ಬಾಕೆಯ ಅರ್ಜಿ ಹದಿನೈದು ದಿನ ಕಡತದಲ್ಲಿ ಬಿದ್ದಿದ್ದರೆ ಯಾವ ಫೋನೂ ಬರುವುದಿಲ್ಲ.

ಕಡತದಲ್ಲಿ ಇದಕ್ಕೆ ‘ಹೆಚ್ಚುವರಿ ಹೊಣೆ’ ಎನ್ನುತ್ತಾರೆ. ಹೆಣ್ಣಿನ ಜೀವ ಕಾಯುವ ಕೆಲಸ ಸರ್ಕಾರದ ಲೆಕ್ಕದಲ್ಲಿ ಹೆಚ್ಚುವರಿ. ಈ ಪತ್ರ ಬರೆಯಲು ಕೂತದ್ದು ಅದಕ್ಕೇ.

ಸರ್ಕಾರವೇ ಮಾಡಿಸಿದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತಮ್ಮ ಅಧಿಕಾರಿಗಳು ತಮಗೆ ತೋರಿಸಿರಬಹುದು. 2019ರಿಂದ 21ರ ನಡುವೆ ನಡೆದ ಆ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದಿದ್ದಾರೆ. ದೇಶದ ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ನಾಲ್ಕೈದು ವರ್ಷದಲ್ಲಿ ದುಪ್ಪಟ್ಟಿಗೂ ಮೀರಿ ಏರಿದೆ. ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದರಿಂದ ಅಂಕಿ ಏರಿದೆ ಎಂದು ಯಾರಾದರೂ ವಾದಿಸಿದರೆ, ಒಪ್ಪೋಣ. ಹಾಗಿದ್ದರೆ ಹೇಳಿಕೊಂಡವರಿಗೆ ಸರ್ಕಾರ ಏನು ಕೊಟ್ಟಿತು? ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆಗೆ ಒಳಗಾದ ಹೆಣ್ಣುಮಕ್ಕಳಲ್ಲಿ ಯಾರಿಂದಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿಗೆ. ಸರ್ಕಾರದ ಬಾಗಿಲಿಗೆ ಬಂದವರು ಬೆರಳೆಣಿಕೆಯಷ್ಟು. ಬಂದ ಆ ಬೆರಳೆಣಿಕೆಯವರಿಗೆ ನಾವು ಏನು ಮಾಡುತ್ತಿದ್ದೇವೆಂದು ಕಣ್ಣಾರೆ ನೋಡಿದ್ದೇನೆ.

ರವಿಕೆ ಹೊಲಿದು ಸಂಸಾರ ತೂಗಿಸುತ್ತಿದ್ದ ಹೆಣ್ಣುಮಗಳೊಬ್ಬಳ ಜೊತೆ ಒಂದು ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಹೋಗಿದ್ದೆ. ಗಂಡ ಅವಳ ಹೊಲಿಗೆ ಯಂತ್ರದ ಬೆಲ್ಟು ಕತ್ತರಿಸಿ ಹಾಕಿದ್ದ. ಬಾಕಿ ಹೊಲಿಯಬೇಕಿದ್ದ ಬಟ್ಟೆಗಳನ್ನು ಅಂಗಳಕ್ಕೆಸೆದು ನೀರು ಹೊಯ್ದಿದ್ದ. ಮೊಣಕೈಯ ಕೆಳಗೆ ಹಸಿರುಗಟ್ಟಿದ ಬಾಸುಂಡೆ. ಅವಳು ಅದನ್ನು ತೋರಿಸಲಿಲ್ಲ, ಸೆರಗು ಸರಿದಾಗ ಕಂಡಿತು. ತೋರಿಸಿದ್ದು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಆ ಬೆಲ್ಟಿನ ಚಿತ್ರ. ‘ಏಟಾದರೆ ಮಾಯುತ್ತೆ ಅಕ್ಕಾ, ಗಿರಾಕಿಗಳು ಹೋದರೆ ವಾಪಸ್ ಬರಲ್ಲ’ ಎಂದಳು. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಎಲ್ಲ ಅತ್ತೆಯ ಪೆಟ್ಟಿಗೆಯಲ್ಲಿ. ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕೇಳಿದರು. ಇಲ್ಲವೆಂದದ್ದಕ್ಕೆ ಟಿಕೆಟ್ ಹರಿದರು. ಅವರು ಮಾಡಿದ್ದು ನಿಯಮದ ಪ್ರಕಾರವೇ ಸರಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವಳಿಗೆ ಅವತ್ತು ಸಿಗಲಿಲ್ಲ.

ಕಚೇರಿಯಲ್ಲಿ ಮೇಡಂ ವಿಡಿಯೊ ಸಭೆಯಲ್ಲಿದ್ದರು. ಮಧ್ಯಾಹ್ನದವರೆಗೆ ಕಾದೆವು. ಮೊಟ್ಟೆ ಬಿಲ್ಲಿನ ಸಹಿಗೆ ಬಂದ ಇಬ್ಬರು ಮೇಲ್ವಿಚಾರಕಿಯರು, ಗೃಹಲಕ್ಷ್ಮಿ ಹಣ ಬಂದಿಲ್ಲವೆಂದು ಬಂದ ಹತ್ತಾರು ಹೆಂಗಸರು, ಎಲ್ಲರೂ ಅದೇ ಪಡಸಾಲೆಯಲ್ಲಿ. ಕೂತು ಮಾತಾಡಲು ಪ್ರತ್ಯೇಕ ಕೋಣೆ ಇಲ್ಲ. ಮೇಡಂ ಹೊರಬಂದಾಗ ಅವಳು ತನ್ನ ಕಥೆಯನ್ನು ಅಷ್ಟೂ ಜನರ ಮುಂದೆ ಹೇಳಬೇಕಾಯಿತು. ಅರ್ಧ ಹೇಳಿ ನಿಲ್ಲಿಸಿಬಿಟ್ಟಳು. ಅಧಿಕಾರಿ ಕೆಟ್ಟವರಲ್ಲ. ಅವಳ ಭುಜ ಮುಟ್ಟಿ, ‘ನಾಡಿದ್ದು ಬಾರಮ್ಮ, ಕೂತು ಬರೆದುಕೊಳ್ಳೋಣ, ಇವತ್ತು ವರದಿ ಕಳಿಸಬೇಕು’ ಎಂದರು. ಅವರ ದನಿಯಲ್ಲಿ ಸುಳ್ಳಿರಲಿಲ್ಲ, ದಣಿವಿತ್ತು. ನಾಡಿದ್ದು ಅವಳು ಬರಲಿಲ್ಲ. ತವರಿನವರು ಮಾತಾಡಿ ಗಂಡನ ಮನೆಗೆ ಕಳಿಸಿದ್ದರು.

ಕಾಯ್ದೆ ಏನು ಹೇಳುತ್ತದೆ ನೋಡಿ. ಬರೆದುಕೊಳ್ಳಬೇಕಿದ್ದ ಆ ಕಾಗದಕ್ಕೆ ಕೌಟುಂಬಿಕ ಘಟನಾ ವರದಿ ಎನ್ನುತ್ತಾರೆ. ಅದರಲ್ಲಿ ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ, ಮಾತಿನ, ಭಾವನಾತ್ಮಕ ಹಾಗೂ ಆರ್ಥಿಕ ಹಿಂಸೆಗೂ ಜಾಗವಿದೆ. ಕತ್ತರಿಸಿದ ಆ ಬೆಲ್ಟಿಗೂ ಅಲ್ಲಿ ಜಾಗವಿತ್ತು. ಅರ್ಜಿ ನ್ಯಾಯಾಲಯಕ್ಕೆ ಮುಟ್ಟಿದ ಮೂರು ದಿನದೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ಆಗಬೇಕು. ನೋಟಿಸನ್ನು ಎರಡು ದಿನದೊಳಗೆ ಮುಟ್ಟಿಸುವುದು ಇದೇ ಸಂರಕ್ಷಣಾಧಿಕಾರಿಯ ಕೆಲಸ. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥಪಡಿಸಲು ನ್ಯಾಯಾಧೀಶರು ಯತ್ನಿಸಬೇಕು. ಮನೆ ಯಾರ ಹೆಸರಲ್ಲೇ ಇರಲಿ, ಅವಳನ್ನು ಅಲ್ಲಿಂದ ಹೊರದಬ್ಬುವಂತಿಲ್ಲ. ತುರ್ತೆನಿಸಿದರೆ ಎದುರುಗಡೆಯವರ ಮಾತಿಗೆ ಕಾಯದೆ ಮಧ್ಯಂತರ ಆದೇಶ ಕೊಡಬಹುದು. ಓದುತ್ತಾ ಹೋದರೆ ಕಣ್ಣು ತುಂಬಿ ಬರುವಷ್ಟು ಒಳ್ಳೆಯ ಕಾನೂನು ಇದು. ಹೆಣ್ಣುಮಕ್ಕಳ ಸಂಘಟನೆಗಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತು, ಕರಡು ತಿದ್ದಿ, ಜಗಳವಾಡಿ ಪಡೆದುಕೊಂಡದ್ದು.

ಆದರೆ ದಿನಗಳ ಈ ಲೆಕ್ಕವೆಲ್ಲ ಒಬ್ಬ ಅಧಿಕಾರಿಯ ಕಾಲಿನ ಮೇಲೆ ನಿಂತಿದೆ. ಆಕೆ ನೋಟಿಸು ಹಿಡಿದು ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಗೆ ಹೋಗಬೇಕು, ಜೀಪಿಲ್ಲ. ಗಂಡಿನ ಕಡೆಯವರು ಜಗಳಕ್ಕೆ ನಿಂತರೆ ಜೊತೆಗೊಬ್ಬ ಪೇದೆ ಬೇಕು, ಇಲ್ಲ. ನ್ಯಾಯಾಲಯ ವರದಿ ಕೇಳಿದ ದಿನವೇ ಜಿಲ್ಲಾ ಪಂಚಾಯತಿಯಲ್ಲಿ ಸಭೆ. ಕರ್ತವ್ಯಲೋಪವೆಸಗಿದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಶಿಕ್ಷೆ ವಿಧಿಸಬಹುದೆಂದು ಕಾಯ್ದೆಯ 33ನೇ ಕಲಮು ಹೇಳುತ್ತದೆ. ಹಾಗೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆಂದು 34ನೇ ಕಲಮು ಹೇಳುತ್ತದೆ. ಆ ಅಧಿಕಾರಿಗೆ ಶಿಕ್ಷೆಯಾಗಲಿ ಎಂದು ನಾನು ಕೇಳುತ್ತಿಲ್ಲ. ಅವರಿಗೆ ಎರಡಾಳಿನ ಕೆಲಸ ಹೊರಿಸಿದವರು ಇಪ್ಪತ್ತು ವರ್ಷದಿಂದ ಯಾವ ಕಲಮಿಗೂ ಸಿಗದೆ ಆರಾಮಾಗಿದ್ದಾರಲ್ಲ, ನನ್ನ ಸಿಟ್ಟು ಅವರ ಮೇಲೆ. ಕಾಯ್ದೆಯ 11ನೇ ಕಲಮಿನ ತಲೆಬರಹವೇ ಸರ್ಕಾರದ ಕರ್ತವ್ಯಗಳು. ಪ್ರಚಾರ ಮಾಡಬೇಕು, ಪೊಲೀಸರಿಗೂ ನ್ಯಾಯಾಂಗದವರಿಗೂ ತರಬೇತಿ ಕೊಡಬೇಕು, ಇಲಾಖೆಗಳ ನಡುವೆ ಹೊಂದಾಣಿಕೆ ತರಬೇಕು. ಅದನ್ನು ತಾವೇ ಒಮ್ಮೆ ಓದಬೇಕೆಂದು ವಿನಂತಿ.

ಇದು ನನ್ನೊಬ್ಬಳ ದೂರಲ್ಲ. ಸಂರಕ್ಷಣಾಧಿಕಾರಿಗಳ ಕೊರತೆಯ ಬಗ್ಗೆ ಸುಪ್ರೀಂ ಕೋರ್ಟ್ ಮುಂದೆ ಅರ್ಜಿ ಹೋಗಿ, ಈ ಕಾಯ್ದೆಯಡಿ ದೇಶದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ಬಾಕಿ ಇವೆಯೆಂಬುದು ಅಲ್ಲಿ ದಾಖಲಾಯಿತು. ಬೇರೆ ಕೆಲಸವಿರುವವರಿಗೇ ಈ ಹೊಣೆ ಹೊರಿಸುವ ರೂಢಿಯ ಬಗ್ಗೆಯೂ ಅಲ್ಲಿ ಆತಂಕ ವ್ಯಕ್ತವಾಯಿತು. 2025ರ ಮೇ 20ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರ ಪೀಠ, ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ಎಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು. ನಾಗರತ್ನ ಅವರು ನಮ್ಮ ರಾಜ್ಯದವರೇ. ನಮ್ಮಲ್ಲಿ ಎಲ್ಲ ತಾಲ್ಲೂಕಿಗೂ ಸಿಡಿಪಿಒ ಇದ್ದಾರೆ, ಆದೇಶ ಪಾಲನೆಯಾಗಿದೆ ಎಂದು ಬರೆದು ಕೈ ತೊಳೆದುಕೊಳ್ಳುವುದು ಸುಲಭ. ದಯವಿಟ್ಟು ಹಾಗೆ ಮಾಡಬೇಡಿ.

ಪೊಲೀಸ್ ಠಾಣೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ರಾತ್ರಿ ಹತ್ತಕ್ಕೆ ತೆರೆದಿರುವ ಸರ್ಕಾರಿ ಕಚೇರಿ ಅದೊಂದೇ. ಅಲ್ಲಿ ಏನಾಗುತ್ತದೆಂದು ರಾಜ್ಯದ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು. ಮೊದಲು, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿವಾದ. ಪಟ್ಟು ಹಿಡಿದರೆ, ಎಫ್‌ಐಆರ್ ಬದಲು ‘ಪಿಟಿಷನ್’ ತೆಗೆದುಕೊಳ್ಳುತ್ತಾರೆ. ಗಂಡನನ್ನು ಕರೆಸಿ ನಾಲ್ಕು ಬೈದು, ಇನ್ನು ಮುಂದೆ ಹೊಡೆಯುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅವಳ ಕೈಗೆ ಒಂದು ಹಿಂಬರಹ. ಎರಡೂ ಕಡೆಯವರಿಗೆ ತಿಳಿವಳಿಕೆ ಹೇಳಿ ಕಳುಹಿಸಲಾಗಿದೆ, ಇದು ಸಿವಿಲ್ ಸ್ವರೂಪದ್ದಾದ್ದರಿಂದ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳುವುದು. ಅವಳಿಗೆ ಆ ಕಾಗದ ಯಾವ ಉಪಯೋಗಕ್ಕೂ ಬರುವುದಿಲ್ಲ. ಠಾಣೆಯ ಲೆಕ್ಕದಲ್ಲಿ ಮಾತ್ರ ಒಂದು ದೂರು ಮುಗಿದಂತಾಗುತ್ತದೆ. ಮುಚ್ಚಳಿಕೆ ಬರೆದುಕೊಟ್ಟ ಗಂಡ ಮನೆಗೆ ಹೋದ ರಾತ್ರಿಯೇ ಠಾಣೆ ಮೆಟ್ಟಿಲು ಹತ್ತಿಸಿದ ಸಿಟ್ಟನ್ನೂ ಸೇರಿಸಿ ಹೊಡೆಯುತ್ತಾನೆ. ಪತ್ನಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 498 ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ಅಂಕಿ ಬದಲಾಯಿತು, ಠಾಣೆಯ ಬುದ್ಧಿವಾದ ಬದಲಾಗಲಿಲ್ಲ.

ಈ ಬುದ್ಧಿವಾದದ ಬೆಲೆಯನ್ನು ಹುಬ್ಬಳ್ಳಿ ತೆತ್ತಿದೆ. 2024ರ ಮೇ 15ರ ಬೆಳಗಿನ ಜಾವ ವೀರಾಪುರ ಓಣಿಯಲ್ಲಿ ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳನ್ನು ಹುಡುಗನೊಬ್ಬ ಮನೆಗೆ ನುಗ್ಗಿ ಇರಿದು ಕೊಂದ. ಬೆದರಿಕೆ ಇದೆಯೆಂದು ಅವಳ ಅಜ್ಜಿ ಮೊದಲೇ ಪೊಲೀಸರಲ್ಲಿ ಹೇಳಿಕೊಂಡಿದ್ದರೂ ಅವರು ತಲೆಗೆ ಹಾಕಿಕೊಳ್ಳಲಿಲ್ಲವೆಂಬ ಆರೋಪ ಬಂತು. ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಸಿಬ್ಬಂದಿಯೊಬ್ಬರು ಅಮಾನತಾದರು. ಅಮಾನತು ಮರುದಿನದ ಪತ್ರಿಕೆಗೆ ಸುದ್ದಿಯಾಯಿತು. ಆ ಅಜ್ಜಿ ಠಾಣೆಗೆ ಹೋದ ದಿನ ಅವರ ಮಾತನ್ನು ಬರೆದುಕೊಳ್ಳಲು, ಆ ಹುಡುಗನನ್ನು ಕರೆಸಲು, ಓಣಿಗೊಂದು ಗಸ್ತು ಹಾಕಲು ಯಾವ ಹೊಸ ಕಾನೂನೂ ಬೇಕಿರಲಿಲ್ಲ.

ಬೆಳಗಾವಿಯ ಹೊಸ ವಂಟಮೂರಿಯನ್ನು ತಾವು ಮರೆತಿರಲಾರಿರಿ. 2023ರ ಡಿಸೆಂಬರ್ 11. ಮಗ ಪ್ರೀತಿಸಿದ ಹುಡುಗಿಯ ಜೊತೆ ಹೋದನೆಂದು ತಾಯಿಯನ್ನು ಮನೆಯಿಂದ ಎಳೆದು, ಬಟ್ಟೆ ಕಿತ್ತು, ಮೆರವಣಿಗೆ ಮಾಡಿ ಕರೆಂಟ್ ಕಂಬಕ್ಕೆ ಕಟ್ಟಿ ಹೊಡೆದರು. ಆಗ ಅದೇ ತಾಲ್ಲೂಕಿನ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುತ್ತಿತ್ತು. ಇಡೀ ಸರ್ಕಾರ ಬೆಳಗಾವಿಯಲ್ಲೇ ಬೀಡುಬಿಟ್ಟಿತ್ತು. ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ನೋಡುತ್ತಾ ನಿಂತ ಊರಿನವರಿಗೂ ಹೊಣೆಯಿದೆ ಎಂದು ಬ್ರಿಟಿಷ್ ಗವರ್ನರ್ ಜನರಲ್ ಬೆಂಟಿಂಕ್ ಕಾಲದಲ್ಲಿ ಇಡೀ ಊರಿಗೆ ಹಾಕುತ್ತಿದ್ದ ಪುಂಡ ಕಂದಾಯವನ್ನು ನೆನಪಿಸಿತು. ಆಕೆಗೆ ಸರ್ಕಾರ ಪರಿಹಾರ ಕೊಟ್ಟಿತು, ಜಮೀನು ಕೊಟ್ಟಿತು. ಅದು ಸರಿ, ಬೇಕಾದದ್ದೇ. ಆದರೆ ಪರಿಹಾರ ಎಂಬುದು ಸರ್ಕಾರ ತಡೆಯಲಾಗದೆ ಹೋದದ್ದರ ಒಪ್ಪಿಗೆಯೂ ಹೌದು. ಊರಿನ ಹುಡುಗ ಹುಡುಗಿ ಓಡಿಹೋದರೆ ಹುಡುಗನ ಮನೆಯ ಹೆಂಗಸರಿಗೆ ಅಪಾಯವಿದೆ ಎಂಬುದು ಈ ನಾಡಿನ ಯಾವ ಪೊಲೀಸನಿಗೆ ತಾನೇ ಗೊತ್ತಿಲ್ಲ?

ಮನೆಯೊಳಗೆ ನಡೆಯುವುದಕ್ಕೆ ಸರ್ಕಾರ ಏನು ಮಾಡಲಾದೀತು ಎಂದು ಕೇಳುವವರಿದ್ದಾರೆ. ವಿಧಾನಮಂಡಲದ ಮೊಗಸಾಲೆಯಲ್ಲೂ ಇದ್ದಾರೆ. 1990ರ ದಶಕದ ಬೆಂಗಳೂರನ್ನು ಅವರಿಗೆ ನೆನಪಿಸಬೇಕು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೊಸದಾಗಿ ಮದುವೆಯಾದ ಹುಡುಗಿಯರು ಒಬ್ಬರಾದ ಮೇಲೊಬ್ಬರು ಬರುತ್ತಿದ್ದರು. ಪೊಲೀಸ್ ದಾಖಲೆಯಲ್ಲಿ ಎಲ್ಲ ಒಂದೇ, ಸ್ಟೌ ಸಿಡಿದು ಸಾವು, ಅಸ್ವಾಭಾವಿಕ ಮರಣ, ಯುಡಿಆರ್. ಮನೆಯೊಳಗಿನ ಆಕಸ್ಮಿಕಕ್ಕೆ ಸರ್ಕಾರ ಏನು ಮಾಡಲಾದೀತು ಎಂದು ಆಗಲೂ ಕೇಳಿದರು. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಕೇಳಿದರು, ಮನೆಗಳಿಗೆ ಹೋಗಿ ನೋಡಿದರು. ಸಿಡಿದದ್ದು ಸೊಸೆಯರ ಕೈಯಲ್ಲಿದ್ದ ಸ್ಟೌ ಮಾತ್ರ. ಅದೇ ಅಡುಗೆಮನೆಯ ಅತ್ತೆಯರಿಗೆ ಏನೂ ಆಗುತ್ತಿರಲಿಲ್ಲ. ಕೊಲೆಯನ್ನು ಆಕಸ್ಮಿಕವೆಂದು ಬರೆದ ಕೈ ಮನೆಯೊಳಗಿನದಲ್ಲ, ಠಾಣೆಯದು. ಸರ್ಕಾರದ ಜವಾಬ್ದಾರಿ ಆ ಕೈಯಿಂದಲೇ ಶುರುವಾಗುತ್ತದೆ.

1993ರಲ್ಲಿ ಭಾರತ ಮಹಿಳೆಯರ ವಿರುದ್ಧದ ಎಲ್ಲ ತಾರತಮ್ಯ ತೊಡೆಯುವ ವಿಶ್ವಸಂಸ್ಥೆಯ ಒಪ್ಪಂದವನ್ನು ಅನುಮೋದಿಸಿತು. ಖಾಸಗಿ ವ್ಯಕ್ತಿಯೊಬ್ಬ ಹೊಡೆದರೂ, ಅದನ್ನು ತಡೆಯಲು, ತನಿಖೆ ಮಾಡಲು, ಶಿಕ್ಷಿಸಲು ಬೇಕಾದಷ್ಟು ಎಚ್ಚರ ವಹಿಸದ ಸರ್ಕಾರವೂ ಹೊಣೆಗಾರ ಎಂದು ಅದರ ಸಮಿತಿ 1992ರಲ್ಲೇ ಸ್ಪಷ್ಟಪಡಿಸಿತ್ತು. ಮನೆಯ ಹೊಸ್ತಿಲಿನಲ್ಲಿ ಸರ್ಕಾರದ ಕೆಲಸ ನಿಲ್ಲುತ್ತದೆ ಎಂಬ ಮಾತಿಗೆ ಮೂವತ್ತು ವರ್ಷದಿಂದ ಯಾವ ಆಧಾರವೂ ಇಲ್ಲ.

ಹೊಸ್ತಿಲು ದಾಟುವುದು ತಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದೇನೂ ಅಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುತ್ತಿದ್ದಾರೆ. ಮನೆಯ ಯಜಮಾನಿಯೆಂದು ಗುರುತಿಸಿ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಯೋಜನೆ ಬಂತು. ಕೋಟಿಗೂ ಮೀರಿದ ಹೆಂಗಸರ ಹೆಸರು, ಖಾತೆ, ಮನೆ ಸರ್ಕಾರಕ್ಕೆ ಗೊತ್ತು. ಆ ಹಣದಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಉಸಿರಾಡಲು ಆಸ್ಪದವಾಯಿತು, ಇದನ್ನು ನಾನು ಮನಸಾರೆ ಹೇಳುತ್ತೇನೆ. ಗಂಡನೆಂಬ ಕಾರಣಕ್ಕೆ ಅತ್ಯಾಚಾರದ ವಿನಾಯಿತಿ ಸಲ್ಲದೆಂದು 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ಹೇಳಿದಾಗ, ಸುಪ್ರೀಂ ಕೋರ್ಟಿನಲ್ಲಿ ಕರ್ನಾಟಕ ಸರ್ಕಾರ ಆ ಹೆಂಡತಿಯ ಪರವಾಗಿ ಪ್ರಮಾಣಪತ್ರ ಸಲ್ಲಿಸಿತು. ಹಾಸನದ ಆಗಿನ ಸಂಸದನ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. 2025ರ ಆಗಸ್ಟ್‌ನಲ್ಲಿ ಆ ಮಾಜಿ ಸಂಸದನಿಗೆ, ಮನೆಗೆಲಸದ ಹೆಣ್ಣುಮಗಳ ದೂರಿನ ಮೇಲೆ, ವಿಚಾರಣಾ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಕ್ಷ್ಯ ಕಾಪಾಡಿ, ಒಳ್ಳೆಯ ಅಭಿಯೋಜಕರನ್ನು ನೇಮಿಸಿ, ದೂರು ಕೊಟ್ಟವಳ ಬೆನ್ನಿಗೆ ನಿಂತರೆ ಒಂದೂವರೆ ವರ್ಷದೊಳಗೆ ಬಲಾಢ್ಯರ ವಿರುದ್ಧವೂ ತೀರ್ಪು ಬರುತ್ತದೆ. ರಾಜ್ಯದ ಎಲ್ಲ ಹೆಣ್ಣುಮಕ್ಕಳಿಗೂ ಅದೇ ಬೆನ್ನು ಬೇಕು.

ಸಖಿ ಕೇಂದ್ರಗಳಿವೆಯಲ್ಲ ಎನ್ನಬಹುದು. ನಿರ್ಭಯಾ ನಿಧಿಯಿಂದ 2015ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಂದೇ ಸೂರಿನಡಿ ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತ ಸಲಹೆ, ಐದು ದಿನದ ಆಸರೆ ಎಲ್ಲ ಸಿಗಬೇಕು. ಇದ್ದಲ್ಲಿ ಎಷ್ಟೋ ಜೀವ ಉಳಿಸಿವೆ. ಆದರೆ ಅವು ಇರುವುದು ಜಿಲ್ಲಾ ಕೇಂದ್ರದಲ್ಲಿ. ಮಲೆ ಮಹದೇಶ್ವರ ಬೆಟ್ಟದ ಹೆಂಗಸು ಚಾಮರಾಜನಗರ ತಲುಪಲು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು, ಮಗುವನ್ನು ಕಂಕುಳಲ್ಲಿಟ್ಟುಕೊಂಡು, ರಾತ್ರಿ. 2000ದ ಸುಮಾರಿಗೆ ನಮ್ಮ ರಾಜ್ಯವೇ ಕಟ್ಟಿದ ಸಾಂತ್ವನ ಕೇಂದ್ರಗಳು ತಾಲ್ಲೂಕುಗಳಲ್ಲಿದ್ದವು. ಸಖಿ ಬಂತೆಂಬ ನೆಪದಲ್ಲಿ ಅವುಗಳನ್ನು ಕಡಿಮೆ ಮಾಡುವ ಮಾತು ಬಂದಾಗ ನಮಗೆ ಆದ ಸಂಕಟ ಅಷ್ಟಿಷ್ಟಲ್ಲ. ಹೊಸದು ಬಂದರೆ ಹಳೆಯದರ ಜೊತೆ ಕೂಡಬೇಕು.

ಸಮಿತಿ ಮಾಡುತ್ತೇವೆ ಎಂದು ಮಾತ್ರ ಹೇಳಬೇಡಿ. ದೆಹಲಿಯ ಸಾಮೂಹಿಕ ಅತ್ಯಾಚಾರದ ಬಳಿಕ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮ ಸಮಿತಿ 29 ದಿನದಲ್ಲಿ, 2013ರ ಜನವರಿ 23ರಂದು ವರದಿ ಕೊಟ್ಟಿತು. ನಮ್ಮಲ್ಲೇ 2014ರಲ್ಲಿ ವಿ.ಎಸ್. ಉಗ್ರಪ್ಪ ಅವರ ನೇತೃತ್ವದಲ್ಲಿ ಸಮಿತಿಯಾಗಿ ಜಿಲ್ಲೆ ಜಿಲ್ಲೆ ಸುತ್ತಿ ದೊಡ್ಡ ವರದಿ ಕೊಟ್ಟಿತು. ಶಿಫಾರಸುಗಳಿಗೆ ಬರವಿಲ್ಲ.

ಆದ್ದರಿಂದ ಕೇಳುವುದಿಷ್ಟೇ. ಪ್ರತಿ ತಾಲ್ಲೂಕಿಗೆ ಒಬ್ಬ ಪೂರ್ಣಾವಧಿ ಸಂರಕ್ಷಣಾಧಿಕಾರಿ ಬೇಕು. ಅವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಬಾಗಿಲು ಹಾಕಿಕೊಂಡು ಮಾತಾಡಬಲ್ಲ ಒಂದು ಕೋಣೆ, ಒಂದು ವಾಹನ, ಬರೆದುಕೊಳ್ಳಲು ಒಬ್ಬ ಸಹಾಯಕಿ ಅವರಿಗಿರಲಿ. ಅವರ ಹೆಸರು ಮತ್ತು ಫೋನ್ ನಂಬರು ಪ್ರತಿ ಠಾಣೆ, ಆಸ್ಪತ್ರೆ, ಗ್ರಾಮ ಪಂಚಾಯಿತಿ, ಬಸ್ ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ. ಠಾಣೆಯಲ್ಲಿ ಹೆಂಗಸಿನ ದೂರಿಗೆ ಹಿಂಬರಹ ಕೊಟ್ಟು ಕಳಿಸಿದರೆ, ಅದರ ಪ್ರತಿ ಅದೇ ದಿನ ಸಂರಕ್ಷಣಾಧಿಕಾರಿಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಹೋಗಲಿ. ಯಾವ ತಾಲ್ಲೂಕಿನಲ್ಲಿ ಎಷ್ಟು ಘಟನಾ ವರದಿ ದಾಖಲಾಯಿತು, ಎಷ್ಟು ದಿನದಲ್ಲಿ ನೋಟಿಸು ಮುಟ್ಟಿತು, ಎಷ್ಟು ಆದೇಶ ಬಂತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸದನದ ಮುಂದಿಡಿ. ಮನೆ ಬಿಟ್ಟು ಬಂದವಳಿಗೆ ಆಧಾರ್ ಇಲ್ಲದಿದ್ದರೂ ಸಂರಕ್ಷಣಾಧಿಕಾರಿಯ ಚೀಟಿಯ ಮೇಲೆ ಬಸ್ಸು ಹತ್ತಲು ಬಿಡಿ.

ಇದಕ್ಕೆಷ್ಟು ದುಡ್ಡು ಬೇಕೆಂದು ಹಣಕಾಸು ಇಲಾಖೆ ಕೇಳಬಹುದು. ಇನ್ನೂರೈವತ್ತರ ಒಳಗಿನ ತಾಲ್ಲೂಕುಗಳಿಗೆ ಅಷ್ಟೇ ಸಂಖ್ಯೆಯ ಅಧಿಕಾರಿಗಳ ಸಂಬಳ, ಸಾರಿಗೆ, ಕೋಣೆ. ರಾಜ್ಯದ ಬಜೆಟ್‌ನಲ್ಲಿ ಇದು ಕಣ್ಣಿಗೂ ಕಾಣದ ಮೊತ್ತ. 2007-08ರಿಂದ ಕರ್ನಾಟಕ ಮಹಿಳಾ ಆಯವ್ಯಯಕ್ಕೆಂದೇ ಪ್ರತ್ಯೇಕ ಪುಸ್ತಕ ಮಂಡಿಸುತ್ತಾ ಬಂದಿದೆ. ಮುಂದಿನ ಬಜೆಟ್‌ನ ಆ ಪುಸ್ತಕದಲ್ಲಿ ಪೂರ್ಣಾವಧಿ ಸಂರಕ್ಷಣಾಧಿಕಾರಿಗಳ ಹುದ್ದೆಗಳನ್ನು ಮಂಜೂರು ಮಾಡಿ, ಅದೇ ವರ್ಷ ನೇಮಕಾತಿ ಮುಗಿಸಿ ಎಂದು ಈ ಪತ್ರದ ಮೂಲಕ ತಮ್ಮನ್ನು ಕೋರುತ್ತೇನೆ.

ಓದುಗರಲ್ಲೂ ಒಂದು ಮಾತು. ಪಕ್ಕದ ಮನೆಯಿಂದ ಕೂಗು ಕೇಳಿದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದ ಬಗ್ಗೆ ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಕಾಯ್ದೆ ಯಾವ ಹೊಣೆಯನ್ನೂ ಹೊರಿಸುವುದಿಲ್ಲ. ನಿಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರೆಂದು ಕೇಳಿ ತಿಳಿದುಕೊಳ್ಳಿ, ನಿಮ್ಮ ಶಾಸಕರಿಗೂ ಅದೇ ಪ್ರಶ್ನೆ ಕೇಳಿ.

ಇತಿ ತಮ್ಮ ವಿಶ್ವಾಸಿ,
ಈ ರಾಜ್ಯದ ಒಬ್ಬ ಮತದಾರಳು